ಇನ್-ಸ್ಟೇಟ್ ಫೀಸು: ಯಾವ ಕುಟುಂಬಕ್ಕೆ ಯಾವ ದಾರಿ?

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಒಂದೇ ಕೋರ್ಸಿಗೆ ಎರಡು ದರ. ಆ ರಾಜ್ಯದವರಿಗೆ ಒಂದು (ಇದೇ ಇನ್-ಸ್ಟೇಟ್ ದರ), ಹೊರಗಿನವರಿಗೆ ಇನ್ನೊಂದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳಿಗೆ 2025–26ರಲ್ಲಿ ಸೇರಿದ ರಾಜ್ಯದ ವಿದ್ಯಾರ್ಥಿಗೆ ವರ್ಷದ ಟ್ಯೂಷನ್ ಸುಮಾರು 15 ಸಾವಿರ ಡಾಲರ್. ಹೊರಗಿನವರು ಅದರ ಮೇಲೆ ಇನ್ನೂ 37 ಸಾವಿರಕ್ಕಿಂತ ಜಾಸ್ತಿ ಕಟ್ಟಬೇಕು. ನಾಲ್ಕು ವರ್ಷಕ್ಕೆ ಈ ವ್ಯತ್ಯಾಸವೇ ಒಂದೂವರೆ ಲಕ್ಷ ಡಾಲರ್ ಆಗುತ್ತದೆ, ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಕೊಳ್ಳುವಷ್ಟು ದುಡ್ಡು. ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದಲ್ಲೂ ಅಂತರ ದೊಡ್ಡದೇ. ಅಲ್ಲಿ ರಾಜ್ಯದವರಿಗೆ ಸುಮಾರು 18 ಸಾವಿರ, ಹೊರಗಿನವರಿಗೆ 60 ಸಾವಿರಕ್ಕಿಂತ ಜಾಸ್ತಿ.

ಕನ್ನಡ ಕುಟುಂಬಗಳ ಮಾತಿನಲ್ಲಿ ಈ ವಿಷಯ ಸಾಮಾನ್ಯವಾಗಿ ಬರುವುದು ಮಗು ಹನ್ನೆರಡನೇ ತರಗತಿಯಲ್ಲಿ ಇದ್ದಾಗ. ಅಷ್ಟು ಹೊತ್ತಿಗೆ ಅರ್ಧ ದಾರಿಗಳು ಮುಚ್ಚಿಹೋಗಿರುತ್ತವೆ. ಇದನ್ನು ಒಂಬತ್ತನೇ ತರಗತಿಯಲ್ಲೇ ಕೂತು ಯೋಚಿಸಬೇಕು ಅನ್ನುವುದೇ ನಾನು ಮುಖ್ಯವಾಗಿ ಹೇಳಬೇಕಾಗಿರುವುದು. ಯಾಕೆಂದರೆ ಈ ದರ ನಿಲ್ಲುವುದು ಮಗುವಿನ ಪಾಸ್‌ಪೋರ್ಟಿನ ಮೇಲಲ್ಲ, ಅಂಕಗಳ ಮೇಲೂ ಅಲ್ಲ. ಅಪ್ಪ ಅಮ್ಮ ಎಲ್ಲಿ ಮನೆ ಮಾಡಿದ್ದಾರೆ, ಎಲ್ಲಿ ತೆರಿಗೆ ಕಟ್ಟುತ್ತಾರೆ, ಯಾವ ವೀಸಾದಲ್ಲಿ ಇದ್ದಾರೆ ಅನ್ನುವುದರ ಮೇಲೆ. ಇವು ಯಾವುವೂ ಒಂದು ತಿಂಗಳಲ್ಲಿ ಬದಲಾಗುವ ಸಂಗತಿಗಳಲ್ಲ.

ನಿಯಮದ ತಿರುಳು

ರಾಜ್ಯಕ್ಕೊಂದು ನಿಯಮ ಇದ್ದರೂ ತಳಪಾಯ ಹೆಚ್ಚುಕಡಿಮೆ ಒಂದೇ. ಕಾಲೇಜು ಶುರುವಾಗುವ ಮುಂಚೆ ಒಂದು ವರ್ಷ ಆ ರಾಜ್ಯದಲ್ಲಿ ನಿಜವಾಗಿ ವಾಸವಾಗಿರಬೇಕು. ಅಲ್ಲೇ ನೆಲೆ ನಿಲ್ಲುವ ಉದ್ದೇಶ ಇರಬೇಕು. ಬರೀ ಓದುವುದಕ್ಕೆ ಬಂದವರು ಅಂತ ಕಾಣಬಾರದು. ಟೆಕ್ಸಸ್ 12 ತಿಂಗಳು ಕೇಳುತ್ತದೆ. ಯುಸಿ ಕೇಳುವುದು 366 ದಿನ. ಇದರ ಜೊತೆಗೆ, ವಿದ್ಯಾರ್ಥಿ ತಂದೆತಾಯಿಯ ಆಶ್ರಯದಲ್ಲಿ ಇದ್ದರೆ ಈ ಲೆಕ್ಕವನ್ನೆಲ್ಲ ತಂದೆತಾಯಿಯ ವಾಸದಿಂದಲೇ ಮಾಡುತ್ತಾರೆ. ಯುಸಿಯಲ್ಲಿ 24 ವರ್ಷದೊಳಗಿನ ವಿದ್ಯಾರ್ಥಿಯ ತಂದೆತಾಯಿ ಕ್ಯಾಲಿಫೋರ್ನಿಯಾದವರಲ್ಲ ಅಂದರೆ, ತನ್ನ ಖರ್ಚನ್ನು ತಾನೇ ಪೂರ್ತಿ ನೋಡಿಕೊಳ್ಳುತ್ತಿದ್ದೇನೆ ಅಂತ ಆ ವಿದ್ಯಾರ್ಥಿ ತೋರಿಸಬೇಕು. ಅಪ್ಪ ಬೆಂಗಳೂರಿನಿಂದ ಫೀಸು ಕಳಿಸುತ್ತಿದ್ದರೆ ಅದನ್ನು ತೋರಿಸಲು ಆಗುವುದಿಲ್ಲ. ಅದಕ್ಕೇ "ಒಂದು ವರ್ಷ ಅಲ್ಲಿದ್ದರೆ ತಾನಾಗೇ ಇನ್-ಸ್ಟೇಟ್ ಆಗುತ್ತೆ" ಅನ್ನುವ ಮಾತು ಬಹುಪಾಲು ಮಕ್ಕಳ ವಿಷಯದಲ್ಲಿ ತಪ್ಪು.

ಒಮ್ಮೆ ಹೊರಗಿನವರಾದರೆ ಕೊನೆವರೆಗೂ ಹೊರಗಿನವರೇ ಅನ್ನುವ ನಿಯಮವೂ ಒಂದು ಕಾಲಕ್ಕೆ ಇತ್ತು. ಕನೆಕ್ಟಿಕಟ್ ರಾಜ್ಯದ ಅಂಥ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ ತಳ್ಳಿಹಾಕಿತು. ಹಾಗಾಗಿ ಸೇರಿದ ಮೇಲೆ ಪರಿಸ್ಥಿತಿ ಬದಲಾದರೆ ದರ ಬದಲಿಸಿ ಅಂತ ಅರ್ಜಿ ಹಾಕಲು ಅವಕಾಶ ಇದೆ. ಉದಾಹರಣೆಗೆ ತಂದೆತಾಯಿ ಆ ರಾಜ್ಯಕ್ಕೆ ಬಂದು ನೆಲೆಸಿದರೆ ಅರ್ಜಿ ಹಾಕಬಹುದು. ಆದರೆ ಸಾಬೀತು ಮಾಡುವ ಹೊಣೆ ಪೂರ್ತಿ ನಿಮ್ಮದೇ.

ಇದು ಬರೀ ಫೀಸಿನ ವಿಷಯವೂ ಅಲ್ಲ. ನಾರ್ತ್ ಕ್ಯಾರೊಲೈನಾದ ಚಾಪೆಲ್ ಹಿಲ್ ಕ್ಯಾಂಪಸ್‌ನಲ್ಲಿ ಹೊರರಾಜ್ಯದ ಹೊಸ ವಿದ್ಯಾರ್ಥಿಗಳಿಗೆ 18 ಶೇಕಡಾದ ಮಿತಿ ಇದೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಹತ್ತರಲ್ಲಿ ಒಂಬತ್ತು ಸೀಟು ಟೆಕ್ಸಸ್‌ನವರಿಗೇ. ಅಂದರೆ ರಾಜ್ಯದವರಾಗಿದ್ದರೆ ಬಾಗಿಲೂ ದೊಡ್ಡದು, ದರವೂ ಕಡಿಮೆ.

ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ

ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಹೆಬ್ಬಾಳದ ಕಡೆ ಇಂಥ ಮಕ್ಕಳು ತುಂಬಾ ಇದ್ದಾರೆ. ಹುಟ್ಟಿದ್ದು ಸ್ಯಾನ್ ಹೋಸೆಯಲ್ಲೋ ಡಲ್ಲಾಸ್‌ನಲ್ಲೋ. ಅಪ್ಪ ಅಮ್ಮ ವಾಪಸ್ ಬಂದರು, ಮಗು ಇಲ್ಲೇ ಶಾಲೆಗೆ ಹೋಯಿತು. ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇದೆ. "ಅಲ್ಲಿನ ಪ್ರಜೆ ಅಲ್ವಾ, ಕಾಲೇಜು ಕಡಿಮೆ ದರಕ್ಕೆ ಸಿಗುತ್ತೆ" ಅಂತ ಮನೆಯಲ್ಲಿ ಎಲ್ಲರೂ ನಂಬಿರುತ್ತಾರೆ.

ಸಿಗುವುದಿಲ್ಲ. ಪೌರತ್ವ ಕೊಡುವುದು ದೇಶ, ಇನ್-ಸ್ಟೇಟ್ ದರ ಕೊಡುವುದು ರಾಜ್ಯ. ಈ ಮಗು ಅಮೆರಿಕದ ಪ್ರಜೆ ಹೌದು, ಆದರೆ ಐವತ್ತು ರಾಜ್ಯಗಳಲ್ಲಿ ಯಾವುದರ ನಿವಾಸಿಯೂ ಅಲ್ಲ. ಸ್ಯಾನ್ ಹೋಸೆಯ ಜನನ ಪತ್ರಕ್ಕೆ ಯುಸಿ ಬರ್ಕ್ಲಿಯಲ್ಲಿ ಈ ವಿಷಯಕ್ಕೆ ಬೆಲೆ ಇಲ್ಲ. ಹಾಗಾದರೆ ಏನು ಮಾಡಬಹುದು?

ಮೊದಲು ಎಲ್ಲರ ತಲೆಗೆ ಬರುವ ಯೋಚನೆ ಎಂದರೆ ಸೋದರಮಾವನ ಮನೆ ವಿಳಾಸ ಕೊಟ್ಟುಬಿಡುವುದು. ಇದನ್ನು ಖಂಡಿತ ಮಾಡಬೇಡಿ. ಆಶ್ರಿತ ಮಗುವಿನ ವಾಸ ತಂದೆತಾಯಿಯ ವಾಸವೇ, ಮಾವನದ್ದಲ್ಲ. ಫೀಸು ಉಳಿಸುವುದಕ್ಕೆಂದೇ ಕೋರ್ಟಿನಲ್ಲಿ ಪೋಷಕರನ್ನು ಬದಲಿಸುವುದನ್ನೂ ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಅರ್ಜಿಯಲ್ಲಿ ಸುಳ್ಳು ಹೇಳಿದ್ದು ಗೊತ್ತಾದರೆ ಹಿಂದಿನ ಸೆಮಿಸ್ಟರ್‌ಗಳ ವ್ಯತ್ಯಾಸವನ್ನೂ ಕಟ್ಟಿಸಿಕೊಳ್ಳಬಹುದು, ಶಿಸ್ತಿನ ಕ್ರಮವೂ ಆಗಬಹುದು.

ಎರಡನೆಯದು, ಅಪ್ಪನೋ ಅಮ್ಮನೋ ಮೊದಲೇ ಹೋಗಿ ನೆಲೆಸುವುದು. ಕೆಲಸ ಮಾಡುವ ದಾರಿ ಇದು. ಎಷ್ಟೋ ರಾಜ್ಯಗಳಲ್ಲಿ ಇಬ್ಬರಲ್ಲಿ ಒಬ್ಬರು ಅಲ್ಲಿದ್ದರೆ ಸಾಕು. ಆದರೆ ಇದು ಅಮೆರಿಕದ ಪೌರತ್ವವೋ ಊರ್ಜಿತದಲ್ಲಿರುವ ಗ್ರೀನ್ ಕಾರ್ಡೋ ಇರುವವರಿಗೆ, ಇಲ್ಲವೇ ಕಂಪನಿ ಎಚ್-1ಬಿ ಅಥವಾ ಎಲ್-1 ಅನ್ನುವ ಕೆಲಸದ ವೀಸಾ ಮೇಲೆ ಕಳಿಸುವವರಿಗೆ ಮಾತ್ರ ಸಾಧ್ಯ. ಭಾರತೀಯ ಪಾಸ್‌ಪೋರ್ಟ್ ಮಾತ್ರ ಇರುವ ತಂದೆತಾಯಿಯನ್ನು ಮಗು ತನ್ನ ಪೌರತ್ವದ ಮೇಲೆ ಕರೆಸಿಕೊಳ್ಳಬೇಕಾದರೆ ಮಗುವಿಗೆ 21 ತುಂಬಬೇಕು. ಕಾಲೇಜು ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ಹತ್ತು ವರ್ಷದಿಂದ ಬೆಂಗಳೂರಿನಲ್ಲೇ ಇದ್ದು ಹಳೇ ಗ್ರೀನ್ ಕಾರ್ಡನ್ನು ಬೀರುವಿನಲ್ಲಿ ಇಟ್ಟುಕೊಂಡವರು ಅದು ಇನ್ನೂ ನಡೆಯುತ್ತದೆ ಅಂತ ಅಂದುಕೊಳ್ಳಬಾರದು. ದೀರ್ಘಕಾಲ ಹೊರಗಿದ್ದರೆ ಅದು ಕೈತಪ್ಪುತ್ತದೆ. ಮೊದಲು ವಕೀಲರನ್ನು ಕೇಳಿ.

ಮೂರನೆಯದು, ಮಗು ಹೈಸ್ಕೂಲನ್ನು ಅಲ್ಲೇ ಓದುವುದು. ಕ್ಯಾಲಿಫೋರ್ನಿಯಾದಲ್ಲಿ 2001ರ ಎಬಿ 540 ಅನ್ನುವ ಕಾನೂನು ಇದೆ. ಅಲ್ಲಿನ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ ಪಾಸಾದವರಿಗೆ ಹೊರರಾಜ್ಯದ ಹೆಚ್ಚುವರಿ ಟ್ಯೂಷನ್ ಮನ್ನಾ ಆಗುತ್ತದೆ. ಇದರಲ್ಲಿ ತಂದೆತಾಯಿ ಎಲ್ಲಿದ್ದಾರೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಈ ಕಾನೂನು ಹೆಸರಾಗಿರುವುದು ವಲಸೆಯ ದಾಖಲೆ ಇಲ್ಲದ ಮಕ್ಕಳಿಗೆ ನೆರವಾಗುತ್ತದೆ ಅಂತ. ಆದರೆ ಪೌರ ಮಕ್ಕಳಿಗೂ ಅದು ಅನ್ವಯಿಸುತ್ತದೆ, ಅದಕ್ಕೆ ಕಾರಣ ಇದೆ. ಅಮೆರಿಕದ 1996ರ ಕೇಂದ್ರ ಕಾನೂನೊಂದರ ಪ್ರಕಾರ, ವಾಸದ ಆಧಾರದ ಮೇಲೆ ದಾಖಲೆ ಇಲ್ಲದವರಿಗೆ ಕೊಡುವ ಸೌಲಭ್ಯವನ್ನು ಬೇರೆ ರಾಜ್ಯದ ಪೌರರಿಗೂ ಕೊಡಬೇಕು. ಅದಕ್ಕೇ ಕ್ಯಾಲಿಫೋರ್ನಿಯಾ ವಾಸದ ಬದಲು ಹೈಸ್ಕೂಲನ್ನು ಅಳತೆಗೋಲು ಮಾಡಿಕೊಂಡಿತು. 2010ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಟೆಕ್ಸಸ್‌ನಲ್ಲೂ ಇದೇ ಬಗೆಯ ದಾರಿ ಇದೆ. ಹೈಸ್ಕೂಲು ಮುಗಿಸುವ ಮುಂಚಿನ 36 ತಿಂಗಳು ಅಲ್ಲೇ ಇದ್ದಿರಬೇಕು. 2025ರ ಜೂನ್‌ನಲ್ಲಿ ಫೆಡರಲ್ ಕೋರ್ಟಿನ ಆದೇಶ ಈ ದಾರಿಯನ್ನು ದಾಖಲೆ ಇಲ್ಲದ ಮಕ್ಕಳಿಗೆ ಮುಚ್ಚಿತು. ಪೌರ ಮಕ್ಕಳಿಗೆ ಆ ಆದೇಶ ತಟ್ಟುವುದಿಲ್ಲ.

ಹಾಗಾದರೆ ಹದಿನಾಲ್ಕು ವರ್ಷದ ಮಗುವನ್ನು ದೊಡ್ಡಮ್ಮನ ಮನೆಗೆ ಕಳಿಸಬೇಕೇ? ಕಾನೂನಿನ ಪ್ರಕಾರ ಆಗುತ್ತದೆ. ಸಂಬಂಧಿಕರು ಮಗುವನ್ನು ನೋಡಿಕೊಳ್ಳುತ್ತಿದ್ದಾರೆ ಅಂತ ಪ್ರಮಾಣಪತ್ರ ಕೊಟ್ಟು ಸರ್ಕಾರಿ ಶಾಲೆಗೆ ಸೇರಿಸಲು ಕ್ಯಾಲಿಫೋರ್ನಿಯಾದಲ್ಲಿ ವ್ಯವಸ್ಥೆ ಇದೆ. ಆದರೆ ಮಗು ನಿಜವಾಗಿ ಅಲ್ಲೇ ಇರಬೇಕು, ಬರೀ ಹೆಸರಿಗಲ್ಲ. ಒಂದೂವರೆ ಲಕ್ಷ ಡಾಲರ್ ಉಳಿಯುವುದು ನಿಜ. ಆದರೂ ನನ್ನ ಅಭಿಪ್ರಾಯ ಹೇಳುವುದಾದರೆ, ಹದಿಹರೆಯದ ಮಗುವನ್ನು ಫೀಸಿಗೋಸ್ಕರ ಮಾತ್ರ ಮೂರು ವರ್ಷ ದೂರ ಇಡಬಾರದು. ಆ ಮನೆಯವರ ಜೊತೆ ಮಗುವಿಗೆ ಮೊದಲಿಂದ ಸಲಿಗೆ ಇದ್ದು, ಮಗುವೇ ಆಸೆಪಟ್ಟರೆ ಬೇರೆ ಮಾತು. ಅಮ್ಮ ಜೊತೆಗೆ ಹೋಗುವ ಅನುಕೂಲ ಇದ್ದರಂತೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದೇ ಹೆಜ್ಜೆಯಲ್ಲಿ ವಾಸದ ನಿಯಮವೂ ಹೈಸ್ಕೂಲಿನ ನಿಯಮವೂ ಪೂರೈಸುತ್ತವೆ.

ನಾಲ್ಕನೆಯದು, ಹದಿನೆಂಟು ತುಂಬಿದ ಮೇಲೆ ಮಗುವೇ ಹೋಗಿ, ದುಡಿದು, ತನ್ನ ಕಾಲ ಮೇಲೆ ನಿಂತು ನಿವಾಸಿ ಆಗುವುದು. ಕೆಲವು ರಾಜ್ಯಗಳು ಇದಕ್ಕೆ ಸಲೀಸು. ಮಿಸ್ಸೂರಿ ವಿಶ್ವವಿದ್ಯಾಲಯ ಇದಕ್ಕೇ ಹೆಸರುವಾಸಿ. ಒಂದು ವರ್ಷ ಅಲ್ಲೇ ಇದ್ದು, ಅಲ್ಲೇ ಕನಿಷ್ಠ 2,000 ಡಾಲರ್ ತೆರಿಗೆಗೆ ಬರುವ ಆದಾಯ ಗಳಿಸಿ, ಉಳಿದ ಷರತ್ತುಗಳನ್ನು ಪೂರೈಸಿದರೆ ಎರಡನೇ ವರ್ಷದಿಂದ ಇನ್-ಸ್ಟೇಟ್ ದರ ಕೇಳಬಹುದು. ಮೊದಲ ವರ್ಷಕ್ಕೆ ಮಾತ್ರ ಹೊರಗಿನವರ ಫೀಸು. ಯುಸಿಯಲ್ಲಿ ಹೀಗೆ ಮಾಡುವುದು ಬಹಳ ಕಷ್ಟ, ಮೇಲೆ ಹೇಳಿದ 24 ವರ್ಷದ ನಿಯಮ ಅಡ್ಡ ಬರುತ್ತದೆ. ಒಂದು ಬಲೆಯನ್ನೂ ಗಮನಿಸಿ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ (ಮೊದಲೆರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದಾದ ಸರ್ಕಾರಿ ಕಾಲೇಜು) ರಾಜ್ಯದವರಿಗೆ ಒಂದು ಯೂನಿಟ್‌ಗೆ (ಕ್ರೆಡಿಟ್‌ಗೆ) ಬರೀ 46 ಡಾಲರ್. ಅಲ್ಲಿ ನಿವಾಸಿ ಅಂತ ಒಪ್ಪಿಕೊಂಡರು ಅಂದಮಾತ್ರಕ್ಕೆ ಯುಸಿಗೆ ವರ್ಗವಾದಾಗಲೂ ಒಪ್ಪುತ್ತಾರೆ ಅಂತ ಅಲ್ಲ. ಯುಸಿ ಹೊಸದಾಗಿ, ತನ್ನದೇ ನಿಯಮದಲ್ಲಿ ನೋಡುತ್ತದೆ.

ಇನ್ನು ಹೆಚ್ಚಿನವರು ಯೋಚನೆಯೇ ಮಾಡದ ದಾರಿ ಖಾಸಗಿ ವಿಶ್ವವಿದ್ಯಾಲಯಗಳದ್ದು. ಪೌರ ಮಗು ಎಲ್ಲೇ ಬೆಳೆದಿದ್ದರೂ ಫಾಫ್ಸಾ ಅನ್ನುವ ನೆರವಿನ ಅರ್ಜಿ ಹಾಕಬಹುದು, ಅಮೆರಿಕದ ಕೇಂದ್ರ ಸರ್ಕಾರದ ನೆರವಿಗೆ ಅರ್ಹ. ಆದರೆ ಹೊರರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಉಳಿದ ಕಂದಕವನ್ನು ತುಂಬಿಕೊಡುವುದು ಅಪರೂಪ. ಆಶ್ರಿತ ವಿದ್ಯಾರ್ಥಿಗೆ ಮೊದಲ ವರ್ಷ ಸಿಗುವ ಕೇಂದ್ರದ ಸಾಲ 5,500 ಡಾಲರ್ ಮಾತ್ರ. ಆದರೆ ಕುಟುಂಬದ ಅಗತ್ಯವನ್ನು ಪೂರ್ತಿ ತುಂಬಿಕೊಡುತ್ತೇವೆ ಅನ್ನುವ ಖಾಸಗಿ ಕಾಲೇಜುಗಳಲ್ಲಿ ಲೆಕ್ಕ ಬೇರೆ. ರೂಪಾಯಿ ಸಂಬಳವನ್ನು ಡಾಲರಿಗೆ ಬದಲಿಸಿದಾಗ ಬೆಂಗಳೂರಿನ ಒಳ್ಳೆಯ ಆದಾಯವೂ ಅಲ್ಲಿ ಮಧ್ಯಮ ವರ್ಗದ ಆದಾಯ ಆಗುತ್ತದೆ, ನೆರವು ದೊಡ್ಡದಾಗಿ ಬರಬಹುದು. ಸೀಟು ಸಿಗುವುದು ಕಷ್ಟ, ನಿಜ. ಆದರೂ ಮಿಶಿಗನ್‌ಗೆ ವರ್ಷಕ್ಕೆ 60 ಸಾವಿರ ಕಟ್ಟುವ ಮುಂಚೆ ಈ ಲೆಕ್ಕವನ್ನು ಮಾಡಿ ನೋಡಲೇಬೇಕು. ನೆರವು ಕಳೆದು ನಿಮಗೆ ಎಷ್ಟು ಬೀಳುತ್ತದೆ ಅಂತ ಅಂದಾಜು ಹೇಳುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಪ್ರತಿ ಕಾಲೇಜಿನ ಜಾಲತಾಣದಲ್ಲೂ ಇರುತ್ತದೆ.

ಕರ್ನಾಟಕದಲ್ಲೇ ಓದಿಸೋಣ ಅನ್ನುವವರು ಮಗುವಿನ ಓಸಿಐ ಕಾರ್ಡಿನ (ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಕಾರ್ಡು) ದಿನಾಂಕ ನೋಡಿಕೊಳ್ಳಬೇಕು. 2021ರ ಮಾರ್ಚ್ 4ರ ಭಾರತ ಸರ್ಕಾರದ ಅಧಿಸೂಚನೆ ಓಸಿಐ ಮಕ್ಕಳನ್ನು ಎನ್‌ಆರ್‌ಐಗಳ ಸಾಲಿಗೆ ಸೇರಿಸಿತು, ಭಾರತೀಯರಿಗೇ ಮೀಸಲಾದ ಸೀಟುಗಳು ಅವರ ಕೈತಪ್ಪಿದವು. ಆ ದಿನಕ್ಕಿಂತ ಮುಂಚೆ ಕಾರ್ಡ್ ಪಡೆದವರಿಗೆ ಇದು ಅನ್ವಯಿಸುವುದಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುವ ಸಿಇಟಿಯ ನಿಯಮವೂ ಬೇರೆ ಇದೆ. ಅಮೆರಿಕಕ್ಕೆ ಒಂದೆರಡು ವರ್ಷ ಹೋಗಿ ಬಂದು ಮಾಡುವ ಮಕ್ಕಳಿಗೆ ಇದು ಅಡ್ಡಿಯಾಗಬಹುದು, ಶಾಲೆಯ ವರ್ಷಗಳನ್ನು ಎಣಿಸಿಟ್ಟುಕೊಳ್ಳಿ.

ಎಚ್-4 ಮಕ್ಕಳು: 21ರ ಗಡುವು

ಇನ್ನೊಂದು ದೊಡ್ಡ ಗುಂಪು ಇವರದು. ಭಾರತದಲ್ಲಿ ಹುಟ್ಟಿ, ಐದಾರು ವರ್ಷದವರಿದ್ದಾಗ ಅಪ್ಪನ ಅಥವಾ ಅಮ್ಮನ ಎಚ್-1ಬಿ ಜೊತೆ, ಅವಲಂಬಿತರಿಗೆ ಸಿಗುವ ಎಚ್-4 ವೀಸಾದಲ್ಲಿ ಹೋಗಿ, ಅಲ್ಲೇ ಬೆಳೆದ ಮಕ್ಕಳು. ಇವರಿಗೆ ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಇನ್-ಸ್ಟೇಟ್ ದರ ಸಿಗುತ್ತದೆ. ಎಚ್-1ಬಿ, ಎಚ್-4, ಎಲ್ ವೀಸಾಗಳಲ್ಲಿ ಇರುವವರು ಅಲ್ಲಿ ನೆಲೆಸುವ ಉದ್ದೇಶ ಇಟ್ಟುಕೊಳ್ಳಲು ಕಾನೂನು ಅಡ್ಡ ಬರುವುದಿಲ್ಲ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಹಾಗಲ್ಲ, ಓದು ಮುಗಿದ ಮೇಲೆ ಊರಿಗೆ ಮರಳುತ್ತೇನೆ ಅನ್ನುವ ಮಾತಿನ ಮೇಲೇ ಆ ವೀಸಾ ಸಿಗುವುದು. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಎರಡು ದರ ಬರುವುದೂ ಈ ವ್ಯತ್ಯಾಸದಿಂದಲೇ.

ಅರ್ಜಿ ತುಂಬುವಾಗ ಒಂದು ಗೊಂದಲ ಆಗುತ್ತದೆ. ಪೌರತ್ವದ ಪ್ರಶ್ನೆ ಬೇರೆ, ರಾಜ್ಯ ವಾಸದ ಪ್ರಶ್ನೆ ಬೇರೆ. ಭಾರತದ ಪೌರ ಅಂತ ಬರೆದ ಮಾತ್ರಕ್ಕೆ ವಾಸದ ಜಾಗದಲ್ಲೂ ಭಾರತ ಅಂತ ಬರೆಯಬೇಕಾಗಿಲ್ಲ. ಹತ್ತು ವರ್ಷದಿಂದ ಪ್ಲೇನೋದಲ್ಲಿ ಇದ್ದರೆ ಟೆಕ್ಸಸ್ ಅಂತಲೇ ಬರೆಯಿರಿ. ಮೊದಲ ಅರ್ಜಿಯಲ್ಲಿ ತಪ್ಪಾಗಿ ಹೊರಗಿನವರ ಪಟ್ಟಿಗೆ ಸೇರಿದರೆ ಆಮೇಲೆ ಬಿಡಿಸಿಕೊಳ್ಳುವುದು ತಲೆನೋವು.

ನಿಜವಾದ ಕಷ್ಟ 21ನೇ ಹುಟ್ಟುಹಬ್ಬದ್ದು. ಅವತ್ತಿಗೆ ಎಚ್-4 ಮುಗಿಯುತ್ತದೆ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು. ಮಕ್ಕಳ ವಲಸೆ ಸ್ಥಾನಮಾನ ಕಾಯುವ 2002ರ ಕಾನೂನು ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡುತ್ತದೆ, ಆದರೆ ದಶಕಗಟ್ಟಲೆ ಕಾಯುವಿಕೆಯನ್ನು ಅದು ತುಂಬಲಾರದು. ಹದಿನೆಂಟಕ್ಕೆ ಕಾಲೇಜು ಸೇರಿದ ಮಗುವಿಗೆ 21 ತುಂಬುವುದು ಮೂರನೇ ವರ್ಷದಲ್ಲೋ ನಾಲ್ಕನೇ ವರ್ಷದಲ್ಲೋ. ಆಗ ಎಫ್-1ಗೆ ಬದಲಾಗಬೇಕು. ಬದಲಾದರೆ ದರ ಏನಾಗುತ್ತದೆ? ಉತ್ತರ ರಾಜ್ಯಕ್ಕೊಂದು, ಕೆಲವೊಮ್ಮೆ ವಿಶ್ವವಿದ್ಯಾಲಯಕ್ಕೊಂದು. ಹೈಸ್ಕೂಲ್ ಆಧಾರದ ಕಾನೂನುಗಳೂ ಇವರನ್ನು ಯಾವಾಗಲೂ ಕಾಯುವುದಿಲ್ಲ. ಎಬಿ 540 ಬರೆದಾಗಲೇ ತಾತ್ಕಾಲಿಕ ವೀಸಾದಲ್ಲಿ ಇರುವವರನ್ನು ಅದರಿಂದ ಹೊರಗಿಟ್ಟರು. ಕಾನೂನು ಪ್ರಕಾರ ಬಂದು, ತೆರಿಗೆ ಕಟ್ಟುವ ಮನೆಯಲ್ಲಿ ಬೆಳೆದು, ಕೊನೆಯ ವರ್ಷದಲ್ಲಿ ಪರದೇಶಿ ವಿದ್ಯಾರ್ಥಿಯ ಫೀಸು ಕಟ್ಟಬೇಕಾಗುವುದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ಆದರೆ ಸದ್ಯದ ನಿಯಮ ಇರುವುದು ಹೀಗೆ. ಇದಕ್ಕೆ ತಯಾರಾಗಿಯೇ ಕಾಲೇಜು ಆರಿಸಬೇಕು.

ಇಲ್ಲಿ ಹೋಲಿಸಬೇಕಾದ್ದು ಎರಡು ದಾರಿ. ಸಾಧ್ಯವಾದಷ್ಟು ದಿನ ಎಚ್-4ನಲ್ಲೇ ಉಳಿಯುವುದು ಒಂದು, ಬೇಗನೇ ಎಫ್-1ಗೆ ಹೋಗುವುದು ಇನ್ನೊಂದು. ಎಚ್-4ನಲ್ಲಿ ಫೀಸು ಕಡಿಮೆ, ಆದರೆ ಮಕ್ಕಳು ದುಡಿಯುವ ಹಾಗಿಲ್ಲ. ಕ್ಯಾಂಪಸ್ ಲೈಬ್ರರಿಯಲ್ಲಿ ಸಣ್ಣ ಕೆಲಸವೂ ಇಲ್ಲ, ಸಂಬಳದ ಇಂಟರ್ನ್‌ಶಿಪ್ಪೂ ಇಲ್ಲ. ಎಫ್-1ನಲ್ಲಿ ಫೀಸು ಜಾಸ್ತಿ ಆಗಬಹುದು, ಆದರೆ ಕ್ಯಾಂಪಸ್ ಕೆಲಸ, ಇಂಟರ್ನ್‌ಶಿಪ್‌ಗೆ ಸಿಪಿಟಿ ಅನ್ನುವ ಅನುಮತಿ, ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಒಪಿಟಿ ಅನ್ನುವ ಅನುಮತಿ, ವಿಜ್ಞಾನ-ಎಂಜಿನಿಯರಿಂಗ್‌ನವರಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಕಂಪ್ಯೂಟರ್ ಸೈನ್ಸ್ ಓದುವ ಮಗುವಿಗೆ ಎರಡು ಬೇಸಿಗೆಯ ಇಂಟರ್ನ್‌ಶಿಪ್ ತಪ್ಪಿಹೋದರೆ ಅದು ಸಣ್ಣ ನಷ್ಟ ಅಲ್ಲ.

ನಾನು ಹೇಳುವುದು ಇದು: ಮೊದಲ ಎರಡು ವರ್ಷ ಎಚ್-4ನಲ್ಲೇ ಇರಲಿ. ಹೈಸ್ಕೂಲಿನಲ್ಲೇ ಎಪಿ ಪರೀಕ್ಷೆ, ಡ್ಯುಯಲ್ ಎನ್‌ರೋಲ್‌ಮೆಂಟ್ ಮೂಲಕ ಕಾಲೇಜಿನ ಕ್ರೆಡಿಟ್ ಎಷ್ಟಾಗುತ್ತೋ ಅಷ್ಟು ತೆಗೆದುಕೊಂಡರೆ ಪದವಿ ಮೂರು, ಮೂರೂವರೆ ವರ್ಷಕ್ಕೆ ಮುಗಿಯಬಹುದು. ದುಬಾರಿ ದರದ ಸೆಮಿಸ್ಟರ್‌ಗಳು ಕಡಿಮೆ ಆಗುತ್ತವೆ. ಒಪಿಟಿಗೆ ಒಂದು ಪೂರ್ತಿ ಶೈಕ್ಷಣಿಕ ವರ್ಷದ ಓದು ಬೇಕು, ಆ ವರ್ಷದ ಓದು ಎಚ್-4ನಲ್ಲಿ ನಡೆದಿದ್ದರೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಕೊನೆಯ ಹಂತದಲ್ಲಿ ಎಫ್-1ಗೆ ಬಂದವರಿಗೂ ಒಪಿಟಿ ಸಿಗುತ್ತದೆ. ವೀಸಾ ಬದಲಾವಣೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅರ್ಜಿಯನ್ನು ಹುಟ್ಟುಹಬ್ಬಕ್ಕೆ ತುಂಬಾ ಮುಂಚೆಯೇ ಹಾಕಬೇಕು. ಸೀಟು ಒಪ್ಪಿಕೊಳ್ಳುವ ಮೊದಲೇ ವಿಶ್ವವಿದ್ಯಾಲಯದ ರೆಸಿಡೆನ್ಸಿ ಆಫೀಸಿಗೆ ಮೇಲ್ ಬರೆದು ಕೇಳಿ: ಮಗು ಇಲ್ಲಿನ ಹೈಸ್ಕೂಲಿನಲ್ಲೇ ಓದಿದ್ದಾಳೆ, ಮಧ್ಯದಲ್ಲಿ ಎಫ್-1ಗೆ ಬದಲಾದರೆ ದರ ಉಳಿಯುತ್ತದೆಯೇ? ಉತ್ತರ ಬರಹದಲ್ಲೇ ಬರಲಿ. ಎರಡು ಕಾಲೇಜು ಹೆಚ್ಚುಕಡಿಮೆ ಸಮ ಅನಿಸಿದರೆ, ಉಳಿಯುತ್ತದೆ ಅಂದ ಕಾಲೇಜನ್ನೇ ಆರಿಸಿ.

ಎಚ್-4 ಮಕ್ಕಳಿಗೆ ಫಾಫ್ಸಾ ನೆರವು ಇಲ್ಲ. ಜಾರ್ಜಿಯಾದ ಹೋಪ್, ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್‌ನಂಥ ರಾಜ್ಯ ವಿದ್ಯಾರ್ಥಿವೇತನಗಳಿಗೂ ಪೌರತ್ವ ಅಥವಾ ಗ್ರೀನ್ ಕಾರ್ಡ್ ಮಟ್ಟದ ಅರ್ಹತೆ ಬೇಕು. ಹಾಗಾಗಿ ಈ ಮಕ್ಕಳಿಗೆ ತಮ್ಮ ರಾಜ್ಯದ ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯವೇ ಮೊದಲ ಆಯ್ಕೆ ಆಗಬೇಕು. ಹೆಸರು ದೊಡ್ಡದು ಅಂತ ಹೊರರಾಜ್ಯಕ್ಕೆ ಹೋದರೆ ಸಾಲ, ನೆರವು, ದುಡಿಮೆ ಮೂರೂ ಇಲ್ಲದೆ ಪೂರ್ತಿ ಭಾರ ಅಪ್ಪ ಅಮ್ಮನ ಉಳಿತಾಯದ ಮೇಲೆ ಬೀಳುತ್ತದೆ.

ಎಚ್-4ನಲ್ಲಿರುವ ಗಂಡ ಅಥವಾ ಹೆಂಡತಿ ಓದುವುದಾದರೆ

ಮದುವೆಯಾಗಿ ಹೋಗಿ ಮನೆಯಲ್ಲೇ ಕೂರಬೇಕಾದ ಎಂಜಿನಿಯರ್ ಹೆಣ್ಣುಮಕ್ಕಳಿಗೆ ಮಾಸ್ಟರ್ಸ್ ಒಂದು ದೊಡ್ಡ ಬಾಗಿಲು. ಎಫ್-1 ತೆಗೆದುಕೊಂಡರೆ ಮಾತ್ರ ಓದಬಹುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಎಚ್-4ನಲ್ಲೇ ಪೂರ್ಣಾವಧಿ ಓದಬಹುದು. ಗಂಡ ಹೆಂಡತಿ ಆ ರಾಜ್ಯದಲ್ಲಿ ಒಂದು ವರ್ಷದಿಂದ ನೆಲೆಸಿದ್ದರೆ ಸಾಮಾನ್ಯವಾಗಿ ಇನ್-ಸ್ಟೇಟ್ ದರವೂ ಸಿಗುತ್ತದೆ.

ಗಂಡನಿಗೆ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ) ಒಪ್ಪಿಗೆ ಆಗಿದ್ದರೆ 2015ರಿಂದ ಎಚ್-4 ಇಎಡಿ ಅನ್ನುವ ಕೆಲಸದ ಪರವಾನಗಿ ಇದೆ. ಅದು ಕೈಯಲ್ಲಿದ್ದರೆ ಎಚ್-4ನಲ್ಲೇ ಓದಿ, ಅದರಲ್ಲೇ ಕೆಲಸಕ್ಕೂ ಸೇರಬಹುದು. ಎಫ್-1 ಗೋಜಿಗೆ ಹೋಗಬೇಡಿ. ಇಎಡಿ ಇಲ್ಲದವರು ಇನ್-ಸ್ಟೇಟ್ ದರದಲ್ಲಿ ಹೆಚ್ಚಿನ ಕೋರ್ಸ್ ಮುಗಿಸಿ, ಕೊನೆಯ ಸೆಮಿಸ್ಟರ್‌ಗಳ ಹೊತ್ತಿಗೆ ಎಫ್-1ಗೆ ಬದಲಾಗುವುದು ಲಾಭ. ಬದಲಾವಣೆ ತಡವಾಗಿ ಪದವಿಯೇ ಮುಗಿದುಹೋದರೆ ಒಪಿಟಿ ತಪ್ಪುತ್ತದೆ. ಅದಕ್ಕೇ ಮೊದಲ ವರ್ಷ ಮುಗಿಯುವಾಗಲೇ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೂತು ದಿನಾಂಕಗಳನ್ನು ಲೆಕ್ಕ ಹಾಕಿಕೊಳ್ಳಿ.

ಎಂಎಸ್‌ಗೆ ಊರಿಂದ ಹೋಗುವವರು

ಇವರಿಗೆ ನೇರವಾಗಿ ಹೇಳಿಬಿಡುತ್ತೇನೆ. ಎಫ್-1ನಲ್ಲಿ ಹೋದವರಿಗೆ ವರ್ಷ ಕಳೆದ ಮೇಲೂ ಇನ್-ಸ್ಟೇಟ್ ಆಗುವ ಭರವಸೆ ಇಟ್ಟುಕೊಂಡು ಸಾಲದ ಲೆಕ್ಕ ಮಾಡಬೇಡಿ. ಇವರ ದಾರಿ ವಾಸದ್ದಲ್ಲ, ಕೆಲಸದ್ದು ಮತ್ತು ವಿದ್ಯಾರ್ಥಿವೇತನದ್ದು. ಟೆಕ್ಸಸ್ ಕಾನೂನಿನಲ್ಲಿ ತಮ್ಮ ವಿಷಯಕ್ಕೆ ಸಂಬಂಧಪಟ್ಟ ಟಿಎ (ಬೋಧನಾ ಸಹಾಯಕ) ಅಥವಾ ಆರ್‌ಎ (ಸಂಶೋಧನಾ ಸಹಾಯಕ) ಕೆಲಸವನ್ನು ಅರ್ಧ ಸಮಯ ಮಾಡುವವರಿಗೆ ರಾಜ್ಯದವರ ದರ ಸಿಗುತ್ತದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯ ಸ್ಪರ್ಧೆಯ ಮೇಲೆ ಕೊಡುವ ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಬಂದರೂ ಹೊರಗಿನವರ ದರ ಮನ್ನಾ ಆಗಬಹುದು. ಈ ಮೊತ್ತವನ್ನು ಹೆಚ್ಚಿಗೆ ಇಟ್ಟುಕೊಂಡ ಕ್ಯಾಂಪಸ್‌ಗಳೂ ಇವೆ. ಹಾಗಾಗಿ 1,000 ಡಾಲರಿನ ಪತ್ರ ಬಂದರೆ ಸಣ್ಣದು ಅಂತ ಪಕ್ಕಕ್ಕೆ ಇಡಬೇಡಿ. ಅದರ ಜೊತೆ ದರದ ಮನ್ನಾ ಇದೆಯೇ ಅಂತ ಓದಿ ನೋಡಿ.

ನೆರೆರಾಜ್ಯದ ರಿಯಾಯಿತಿಗಳು

ತಮ್ಮ ರಾಜ್ಯದಲ್ಲಿ ಬೇಕಾದ ಸೀಟು ಸಿಗದವರಿಗೆ ನಡುವಿನ ದಾರಿ ಒಂದಿದೆ. ಪಶ್ಚಿಮದ ರಾಜ್ಯಗಳ ನಡುವೆ ಡಬ್ಲ್ಯುಯುಇ ಅನ್ನುವ ಒಪ್ಪಂದ ಇದೆ. ಅದರಲ್ಲಿ ಹೊರರಾಜ್ಯದವರು ಕಟ್ಟುವುದು ರಾಜ್ಯದವರ ದರದ ಒಂದೂವರೆ ಪಟ್ಟನ್ನು ಮೀರುವುದಿಲ್ಲ. ಬರ್ಕ್ಲಿ, ಯುಸಿಎಲ್‌ಎ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಇದರಲ್ಲಿ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ, ನಿಮ್ಮ ರಾಜ್ಯದಲ್ಲಿ ಇಲ್ಲದ ಕೋರ್ಸ್ ಓದಲು ಪಕ್ಕದ ರಾಜ್ಯಕ್ಕೆ ಇನ್-ಸ್ಟೇಟ್ ದರದಲ್ಲೇ ಹೋಗುವ ಅಕಾಡೆಮಿಕ್ ಕಾಮನ್ ಮಾರ್ಕೆಟ್ ಇದೆ. ಮಿನೆಸೋಟ ಮತ್ತು ವಿಸ್ಕಾನ್ಸಿನ್ ನಡುವಿನ ಒಪ್ಪಂದ ಇನ್ನೂ ಸಲೀಸು. ಫ್ಲಾರಿಡಾದಲ್ಲಿ ಅಜ್ಜ ಅಜ್ಜಿ ಇದ್ದರೆ, ಒಳ್ಳೆಯ ಎಸ್‌ಎಟಿ ಅಂಕ ತೆಗೆದ ಮೊಮ್ಮಕ್ಕಳಲ್ಲಿ ಸೀಮಿತ ಸಂಖ್ಯೆಯವರಿಗೆ ಹೊರರಾಜ್ಯದ ಶುಲ್ಕ ಮನ್ನಾ ಮಾಡುವ 2021ರ ಕಾನೂನೂ ಇದೆ. ನಿವೃತ್ತರಾಗಿ ಅಲ್ಲಿ ನೆಲೆಸಿದ ಹಿರಿಯರು ಇರುವ ಮನೆಯವರು ಇದನ್ನು ಒಮ್ಮೆ ವಿಚಾರಿಸಬೇಕು.

ಮಧ್ಯದಲ್ಲಿ ಮನೆ ಬದಲಾದರೆ, ಕಾಗದ ಪತ್ರ ಇಟ್ಟುಕೊಳ್ಳುವಾಗ

ಮಗು ಕಾಲೇಜು ಸೇರಿದ ಮೇಲೆ ಅಪ್ಪ ಅಮ್ಮ ಬೇರೆ ರಾಜ್ಯಕ್ಕೆ ಹೋದರೆ, ಓದು ನಿಲ್ಲಿಸದೆ ಮುಂದುವರಿಸಿದ ವಿದ್ಯಾರ್ಥಿಗೆ ಹಳೇ ದರ ಉಳಿಸಿಕೊಡುವ ನಿಯಮ ಹಲವು ರಾಜ್ಯಗಳಲ್ಲಿ ಇದೆ. ಭಯ ಇರುವುದು ಸೇರುವ ಮುಂಚಿನ ವರ್ಷದಲ್ಲಿ. ಕೆಲಸ ಹೋದರೆ ಎಚ್-1ಬಿಯವರಿಗೆ ಇರುವುದು 60 ದಿನ, ಹೊಸ ಕೆಲಸ ಇನ್ನೊಂದು ರಾಜ್ಯದಲ್ಲಿ ಸಿಗಬಹುದು. ಗಂಡ ಹೆಂಡತಿ ಇಬ್ಬರಿಗೂ ಸ್ವಂತ ಎಚ್-1ಬಿ ಇದ್ದರೆ ಒಬ್ಬರು ಹಳೇ ಮನೆಯಲ್ಲೇ ಮಗುವಿನ ಜೊತೆ ಉಳಿಯುವುದು ಒಳ್ಳೆಯದು.

ಬಾಡಿಗೆ ಕರಾರು ಅಥವಾ ಮನೆ ಪತ್ರ, ಡ್ರೈವಿಂಗ್ ಲೈಸೆನ್ಸ್, ಕಾರಿನ ರಿಜಿಸ್ಟ್ರೇಷನ್, ರಾಜ್ಯ ತೆರಿಗೆ ಇರುವ ಕಡೆ ಅದರ ರಿಟರ್ನ್, ಡಬ್ಲ್ಯು-2 (ವರ್ಷದ ಸಂಬಳ-ತೆರಿಗೆ ಪತ್ರ), ವೀಸಾ ಕಾಗದಗಳು, ಶಾಲೆಯ ದಾಖಲೆ ಇವನ್ನೆಲ್ಲ ಒಂದೇ ಕಡೆ ಇಡಿ. ಎಲ್ಲದರಲ್ಲೂ ಒಂದೇ ವಿಳಾಸ, ಒಂದು ವರ್ಷಕ್ಕಿಂತ ಹಳೇ ದಿನಾಂಕ ಇರಬೇಕು. ವಾಸದ ಪುರಾವೆಗಳ ಪಟ್ಟಿಯಲ್ಲಿ ಮತದಾರರ ನೋಂದಣಿಯೂ ಕಾಣುತ್ತದೆ. ಅದು ಪೌರರಿಗೆ ಮಾತ್ರ. ಗ್ರೀನ್ ಕಾರ್ಡಿನವರೂ ಎಚ್-4ನವರೂ ಡಿಎಂವಿಯ (ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯ) ಫಾರಂನಲ್ಲಿ ಆ ಚೌಕಕ್ಕೆ ಯಾವ ಕಾರಣಕ್ಕೂ ಗುರುತು ಹಾಕಬಾರದು. ಫೀಸಿನ ಆಸೆಗೆ ಅಲ್ಲಿ ಹಾಕಿದ ಒಂದು ಟಿಕ್ ಮುಂದೆ ಗ್ರೀನ್ ಕಾರ್ಡಿಗೂ ಪೌರತ್ವಕ್ಕೂ ಕುತ್ತು ತರಬಹುದು.

ದರ ತಪ್ಪಾಗಿ ಬಂದರೆ ಬಿಲ್ ಕಟ್ಟಿ ಸುಮ್ಮನಾಗಬೇಡಿ. ಮರುಪರಿಶೀಲನೆಯ ಅರ್ಜಿಗೆ ಪ್ರತಿ ಸೆಮಿಸ್ಟರ್‌ಗೂ ಕೊನೆಯ ದಿನಾಂಕ ಇರುತ್ತದೆ. ಅದು ದಾಟಿದರೆ ಆ ಸೆಮಿಸ್ಟರಿನ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೂ ಅವಕಾಶ ಇದೆ, ಅದರ ಗಡುವು ಇನ್ನೂ ಚಿಕ್ಕದು. ಸೀಟು ಸಿಕ್ಕ ಪತ್ರ ಬಂದ ದಿನವೇ ಈ ಎರಡೂ ದಿನಾಂಕಗಳನ್ನು ಹುಡುಕಿ ಬರೆದಿಟ್ಟುಕೊಳ್ಳಿ.